ಕಲೆಯಿಲ್ಲದ ಬಿಳಿ ಬಾಲ್ ಪೈಥಾನ್: ತಾಯಿ–ತಂದೆ ಹಾವುಗಳನ್ನು ನಾನು ಆರಿಸುವ ಬಗೆ

ಬಿಳಿ ಮರಿ ಬೇಕು ಎಂದು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಕೊಳ್ಳಲು ಹೊರಟವರು ಸಾಮಾನ್ಯವಾಗಿ ಇದ್ದುದರಲ್ಲೇ ತಿಳಿಬಣ್ಣದ ಎರಡನ್ನು ಆರಿಸಿಕೊಳ್ಳುತ್ತಾರೆ. ಅದರಿಂದ ಪ್ರಯೋಜನವಿಲ್ಲ. ನೀಲಿ ಕಣ್ಣಿನ ಲ್ಯೂಸಿಸ್ಟಿಕ್ (ಮೈಯೆಲ್ಲ ಬಿಳಿಯಾದ ಹಾವು), ಸಾಕುವವರ ಬಾಯಲ್ಲಿ ‘ಬೆಲ್’, ಹುಟ್ಟುವುದು ಒಂದೇ ಜೀನಿನ ಎರಡು ಬದಲಾದ ಪ್ರತಿಗಳು ಒಂದು ಮೊಟ್ಟೆಯಲ್ಲಿ ಸೇರಿದಾಗ: ತಾಯಿಯಿಂದ ಒಂದು, ತಂದೆಯಿಂದ ಒಂದು. ಬಾಲ್ ಪೈಥಾನ್‌ನ ಬಣ್ಣದ ಬಗೆಗಳಲ್ಲಿ ಕಡುಗಂದು ಮೊಹಾವಿ ಮತ್ತು ಜೇನುಬಣ್ಣದ ಲೆಸ್ಸರ್ ಕೂಡಿದರೆ ಅಪ್ಪಟ ಬಿಳಿ ಮರಿ ಬರಬಲ್ಲದು. ನೋಡಲು ಇನ್ನೂ ತಿಳಿಯಾದ, ಪಾಸ್ಟೆಲ್ ಎಂಬ ಬಗೆಯ ಎರಡನ್ನು ಎಷ್ಟು ವರ್ಷ ಕೂಡಿಸಿದರೂ ಒಂದೂ ಬರುವುದಿಲ್ಲ.

ಮೊಹಾವಿ, ಲೆಸ್ಸರ್, ಬಟರ್, ರುಸ್ಸೊ, ಬಾಂಬೂ, ಫ್ಯಾಂಟಮ್, ಮಿಸ್ಟಿಕ್ ಇವೆಲ್ಲ ಆ ಒಂದೇ ಜೀನಿನ ಬೇರೆ ಬೇರೆ ರೂಪಗಳು. ಆದರೆ ಯಾವ ಎರಡು ಸೇರಿದರೂ ಬಿಳಿಯಾಗುತ್ತದೆ ಎಂದುಕೊಳ್ಳಬಾರದು. ಮೊಹಾವಿಗೆ ಮೊಹಾವಿ ಸೇರಿದರೆ ಮೈ ಬಿಳಿ, ತಲೆಯ ಮೇಲೆ ಬೂದಿಬಣ್ಣದ ಛಾಯೆ. ಲೆಸ್ಸರ್‌ಗೆ ಲೆಸ್ಸರ್ ಅಥವಾ ಬಟರ್ ಸೇರಿದರೆ ಬಿಳುಪಿನಲ್ಲಿ ಕೊರತೆಯಿಲ್ಲ, ಆದರೆ ಕೆಲವು ಮರಿಗಳ ಕಣ್ಣುಗುಡ್ಡೆ ಅಳತೆಗೆ ಮೀರಿ ದೊಡ್ಡದಾಗಿ ಹೊರಚಾಚುತ್ತದೆ. ರುಸ್ಸೊ ಸೇರಿದ ಬಿಳಿಯಲ್ಲಿ ಬೆನ್ನಿನುದ್ದಕ್ಕೂ ಸಣ್ಣ ಹಳದಿ ಗೆರೆ ಕಾಣಬಹುದು. ಮೊಹಾವಿಗೆ ಫ್ಯಾಂಟಮ್ ಅಥವಾ ಮಿಸ್ಟಿಕ್ ಕೂಡಿಸಿದರಂತೂ ಬಿಳಿಯೇ ಅಲ್ಲ. ನೇರಳೆ ಮಿಶ್ರಿತ ಬೂದುಬಣ್ಣದ, ಚಿತ್ತಾರ ಉಳಿದ ಹಾವು ಬರುತ್ತದೆ. ಚೆಲುವಾದ ಹಾವೇ, ಆದರೆ ನಮಗೆ ಬೇಕಾದದ್ದಲ್ಲ. ಇವೆಲ್ಲದರಲ್ಲಿ ನಾನು ನೆಚ್ಚಿಕೊಂಡಿರುವುದು ಲೆಸ್ಸರ್ ಮತ್ತು ಮೊಹಾವಿ ಜೋಡಿಯನ್ನು. ಬಿಳುಪು ಚೆನ್ನಾಗಿ ಬರುತ್ತದೆ, ಕಣ್ಣಿನ ತೊಂದರೆಯೂ ಇಲ್ಲ.

ಬಿಳಿಗೆ ಬೇರೆ ದಾರಿಗಳೂ ಇವೆ. ಫೈರ್ ಎಂಬ ಬೇರೆ ಜೀನಿನ ಹಾವುಗಳೆರಡನ್ನು ಕೂಡಿಸಿದರೆ ಕಪ್ಪು ಕಣ್ಣಿನ ಬಿಳಿ ಹಾವು ಬರುತ್ತದೆ, ಮೈಮೇಲೆ ಹಳದಿ ಮಚ್ಚೆಗಳು ಸಾಮಾನ್ಯ. ಯೆಲ್ಲೋ ಬೆಲ್ಲಿ ಎರಡು ಸೇರಿದ ಐವರಿ ದಂತದ ಬಣ್ಣಕ್ಕೆ ನಿಲ್ಲುತ್ತದೆ. ಸ್ಪೈಡರ್ ಜೀನನ್ನು ಪೈಬಾಲ್ಡ್ (ಬಿಳಿ ತೇಪೆಗಳ ಬಗೆ) ಜೊತೆ ಸೇರಿಸಿ ಬಿಳಿ ಮಾಡುವ ದಾರಿಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಸ್ಪೈಡರ್ ಇರುವ ಹಾವಿಗೆ ತಲೆ ವಾಲುವುದು, ತಿರುಚುವುದು, ಬೇಟೆಗೆ ಗುರಿ ತಪ್ಪುವುದು ಆ ಜೀನಿನ ಜೊತೆಗೇ ಬರುತ್ತದೆ. ಬಣ್ಣಕ್ಕಾಗಿ ಒಂದು ಜೀವಕ್ಕೆ ಅಷ್ಟು ಕಷ್ಟ ಕೊಡುವುದು ಸರಿಯಲ್ಲ.

ಇನ್ನು ಗುರುತು. ಮೊಹಾವಿಯ ಪಕ್ಕೆಯ ಮಚ್ಚೆಗಳಲ್ಲಿ ಸಾಮಾನ್ಯವಾಗಿ ಒಂದೊಂದೇ ಕಪ್ಪು ಚುಕ್ಕೆ ಇರುತ್ತದೆ, ಹೊಟ್ಟೆಯ ಕಡೆಯಿಂದ ತಿಳಿಬಣ್ಣ ಜ್ವಾಲೆಯಂತೆ ಮೇಲಕ್ಕೆ ಏರಿರುತ್ತದೆ, ಹೊಟ್ಟೆ ಹೆಚ್ಚುಕಡಿಮೆ ಗುರುತಿಲ್ಲದ ಬಿಳಿ. ಲೆಸ್ಸರ್‌ನಲ್ಲಿ ಇಡೀ ಚಿತ್ತಾರವೇ ಮಾಸಿದಂತೆ, ತಲೆ ತಿಳಿ, ಕಣ್ಣೂ ತಿಳಿ. ತೊಂದರೆಯಿರುವುದು ಮಿಸ್ಟಿಕ್ ಮತ್ತು ಫ್ಯಾಂಟಮ್ ವಿಷಯದಲ್ಲಿ. ಬೇರೆ ಜೀನುಗಳು ಬೆರೆತ ಮರಿಯಾಗಿದ್ದರೆ ಅವನ್ನು ಮೊಹಾವಿ ಎಂದು ತಪ್ಪಾಗಿ ಕರೆಯುವುದು ಸುಲಭ. ಹಾಗಾಗಿ ನಾನು ಫೋಟೊ ನೋಡಿ ನಿರ್ಧರಿಸುವುದಿಲ್ಲ. ತಾಯಿ–ತಂದೆ ಯಾವುವು, ಆ ಸೂಲಿನಲ್ಲಿ ಒಡಹುಟ್ಟಿದ ಮರಿಗಳು ಯಾವ ಯಾವ ಬಗೆ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಈಗಾಗಲೇ ಬಿಳಿ ಮರಿ ಕೊಟ್ಟ ಗಂಡು ಸಿಕ್ಕರೆ ದುಡ್ಡು ಹೆಚ್ಚಾದರೂ ಅದನ್ನೇ ಆರಿಸಬೇಕು. ಗಂಡು ಹೆಣ್ಣು ಬೇರೆ ಬೇರೆ ವಂಶದವಾಗಿರಲಿ. ಜೊತೆಗೆ ಪಾಸ್ಟೆಲ್, ಪಿನ್‌ಸ್ಟ್ರೈಪ್, ಬ್ಲ್ಯಾಕ್ ಪಾಸ್ಟೆಲ್ ಎಂದು ನಾಲ್ಕಾರು ಜೀನು ಹೊತ್ತ ದುಬಾರಿ ಹಾವು ಈ ಕೆಲಸಕ್ಕೆ ಬೇಡ. ಬಿಳಿ ಮೈಯೊಳಗೆ ಅವು ಕಾಣದೆ ಅಡಗುತ್ತವೆ, ಕೆಲವು ಮಾಸಲು ನೆರಳಾಗಿ ಹೊರಗೆ ಇಣುಕುತ್ತವೆ, ಯಾವ ಮರಿಯಲ್ಲಿ ಏನಿದೆ ಎಂದು ಆಮೇಲೆ ಹೇಳಲಾಗದು.

ಲೆಕ್ಕ ಹೀಗೆ. ಲೆಸ್ಸರ್ ಒಂದು ಕಡೆ, ಮೊಹಾವಿ ಇನ್ನೊಂದು ಕಡೆ ಇದ್ದರೆ ಪ್ರತಿ ಮೊಟ್ಟೆಗೂ ಬಿಳಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಸೂಲಿಗೆ ಸರಾಸರಿ 6 ಮೊಟ್ಟೆ ಎಂದುಕೊಂಡರೂ ಒಂದೂ ಬಿಳಿ ಬಾರದೆ ಹೋಗುವ ಸಾಧ್ಯತೆ ಶೇ 18ರಷ್ಟಿದೆ. ಅಂದರೆ ಬಿಳಿ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಹಾವಿನ ಗುರುತು ತಪ್ಪು ಎಂದು ತೀರ್ಮಾನಿಸಿ ಮಾರಿಬಿಡಬಾರದು. ಒಂದು ಕಡೆ ಬಿಳಿ ಹಾವನ್ನೇ ಇಟ್ಟು ಇನ್ನೊಂದು ಕಡೆ ಲೆಸ್ಸರ್ ಇಟ್ಟರೆ ಅರ್ಧಕ್ಕರ್ಧ ಬಿಳಿ. 6 ಮೊಟ್ಟೆಗೆ ಒಂದೂ ಬಾರದಿರುವ ಸಾಧ್ಯತೆ 64ರಲ್ಲಿ 1ಕ್ಕೆ ಇಳಿಯುತ್ತದೆ. ಲೆಸ್ಸರ್–ಮೊಹಾವಿ ಬಿಳಿಗಳೆರಡನ್ನು ಕೂಡಿಸಿದರೆ ಎಲ್ಲವೂ ಬಿಳಿ, ಆದರೆ ನಾಲ್ಕರಲ್ಲಿ ಒಂದಕ್ಕೆ ಎರಡೂ ಕಡೆಯಿಂದ ಮೊಹಾವಿ ಸೇರಿ ತಲೆ ಬೂದಿಯಾಗುತ್ತದೆ, ನಾಲ್ಕರಲ್ಲಿ ಒಂದಕ್ಕೆ ಕಣ್ಣಿನ ಅಪಾಯ.

ಜೀನು ಸರಿಯಿದ್ದರೂ ಮೈ ಸರಿಯಿಲ್ಲದ ಹೆಣ್ಣು ಬೇಡ. 1,500 ಗ್ರಾಂ ದಾಟಿ, 3 ವರ್ಷ ತುಂಬಿದ ಮೇಲೆಯೇ ಗಂಡಿನ ಜೊತೆ ಬಿಡುತ್ತೇನೆ. ತೂಕ ಬಂದಿದೆ ಎಂದು ಎರಡನೇ ವರ್ಷಕ್ಕೇ ಬಿಟ್ಟರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವಿದೆ. ಗಂಡಿಗೆ 600 ಗ್ರಾಂ ಸಾಕು. ಬೆನ್ನುಮೂಳೆಯ ಮೇಲೆ ಬೆರಳಾಡಿಸಿದರೆ ಎಲ್ಲೂ ಗಂಟು ಸಿಗಬಾರದು. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನ ಸಿಳ್ಳು ಇದ್ದರೆ ಕೊಳ್ಳುವುದೇ ಬೇಡ. ಇಲಿಯನ್ನು ತಪ್ಪದೆ ತಿನ್ನುವ ಹಾವೇ ಇರಲಿ. ಮೊಟ್ಟೆಯಿಟ್ಟ ಹೆಣ್ಣು ಮೈತೂಕದ ಮೂರನೇ ಒಂದರಷ್ಟು ಕಳೆದುಕೊಳ್ಳಬಹುದು, ತಿನ್ನದ ಹಾವು ಅದನ್ನು ಮರಳಿ ಪಡೆಯುವುದಿಲ್ಲ. ತೂಕ ಮರಳದಿದ್ದರೆ ಮರುವರ್ಷ ಅದಕ್ಕೆ ಬಿಡುವು.

ಕಾಗದಪತ್ರ ಇಲ್ಲದ ಹಾವು ಎಷ್ಟೇ ಚೆನ್ನಾಗಿದ್ದರೂ ಬೇಡ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯ ನಾಲ್ಕನೇ ಅನುಸೂಚಿಯಡಿ ಬರುತ್ತದೆ. ಸಾಕಿರುವುದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದ್ದು, ಕೈ ಬದಲಾದದ್ದು, ಸತ್ತದ್ದು ಎಲ್ಲವನ್ನೂ ತಿಳಿಸಬೇಕು. ನಮ್ಮ ಕಾಡಿನ ಹೆಬ್ಬಾವು ಮೊದಲನೇ ಅನುಸೂಚಿಯದು, ಅದನ್ನು ಮುಟ್ಟುವಂತೆಯೇ ಇಲ್ಲ. ಕಾಫಿ ತೋಟದ ನಡುವಿನ ಮನೆಯಲ್ಲಿ ಆಫ್ರಿಕಾದ ಹಾವು ಸಾಕುವವರು ಡಬ್ಬಿಗೆ ಬೀಗ ಹಾಕಲೇಬೇಕು.

ಕೊಡಗಿನಲ್ಲಿ ಜೋಡಿ ಕೂಡಿಸುವ ಕಾಲಕ್ಕೆ ಎಲ್ಲರೂ ತೇವದ ಬಗ್ಗೆ ಚಿಂತಿಸುತ್ತಾರೆ. ನಿಜವಾದ ತೊಂದರೆ ಉಲ್ಟಾ. ಡಿಸೆಂಬರ್–ಜನವರಿಯಲ್ಲಿ ಮಡಿಕೇರಿಯ ಕೋಣೆ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಗಾಳಿಯ ತೇವ ಶೇ 70 ಇದ್ದರೂ, ಅದೇ ಗಾಳಿಯನ್ನು ಡಬ್ಬಿಯಲ್ಲಿ 31 ಡಿಗ್ರಿಗೆ ಕಾಯಿಸಿದರೆ ತೇವ ಶೇ 30ರ ಒಳಗೆ ಬೀಳುತ್ತದೆ. ಪೊರೆ ಚೂರುಚೂರಾಗಿ ಸಿಕ್ಕಿಕೊಳ್ಳುವುದು ಆಗಲೇ. ದೊಡ್ಡ ನೀರಿನ ಬಟ್ಟಲನ್ನು ಬಿಸಿ ಜಾಗದ ಹತ್ತಿರಕ್ಕೆ ಸರಿಸಿ, ಗಾಳಿತೂತುಗಳಲ್ಲಿ ಅರ್ಧ ಮುಚ್ಚಿ ಶೇ 60ರ ಆಸುಪಾಸಿಗೆ ತರುತ್ತೇನೆ. ಜುಲೈನಲ್ಲಿ ಕೋಣೆ 20 ಡಿಗ್ರಿ, ತೇವ ಶೇ 95 ಇದ್ದಾಗ ಕಾಯಿಸಿದ ಡಬ್ಬಿಯೊಳಗೆ ಸುಮಾರು ಶೇ 50 ಮಾತ್ರ. ಆಗ ಅಪಾಯ ಇರುವುದು ಕರೆಂಟ್ ಹೋಗಿ ಡಬ್ಬಿ ತಣ್ಣಗಾದಾಗ: ತಂಪು, ತೇವ ಎರಡೂ ಸೇರಿದರೆ ಶ್ವಾಸಕೋಶದ ಸೋಂಕು ತಗಲಬಹುದು.

ನವೆಂಬರ್‌ನಿಂದ ಮಾರ್ಚ್‌ವರೆಗೆ ಗಂಡನ್ನು ಹೆಣ್ಣಿನ ಡಬ್ಬಿಗೆ ಎರಡು ಮೂರು ದಿನ ಬಿಟ್ಟು, ಎರಡು ವಾರ ಬೇರೆ ಇಟ್ಟು, ಮತ್ತೆ ಬಿಡುತ್ತೇನೆ. ಬಿಸಿ ಜಾಗ 31–32 ಡಿಗ್ರಿ, ರಾತ್ರಿ ತಂಪು ಬದಿ 25ರ ಕೆಳಗೆ ಹೋಗಬಾರದು; ಇಲ್ಲಿಯ ಚಳಿಯಲ್ಲಿ ರಾತ್ರಿ ಬೇರೆಯಾಗಿ ತಂಪು ಮಾಡುವ ಅಗತ್ಯವೇ ಇಲ್ಲ. ಅಂಡೋತ್ಪತ್ತಿಯ ದಿನ ಹೆಣ್ಣಿನ ಮೈ ನಡುವೆ ದೊಡ್ಡ ಬೇಟೆ ನುಂಗಿದಷ್ಟು ಊದುತ್ತದೆ. ಆಮೇಲೆ ಎರಡು ಮೂರು ವಾರಕ್ಕೆ ಪೊರೆ, ಪೊರೆ ಬಿಟ್ಟು ಸುಮಾರು 30 ದಿನಕ್ಕೆ ಮೊಟ್ಟೆ.

ಮೊಟ್ಟೆಗಳಿಗೆ ಹಾಸಲು ಪರ್ಲೈಟ್ (ತೋಟಗಾರಿಕೆಗೆ ಬಳಸುವ ಹಗುರವಾದ ಬಿಳಿ ಹರಳು) ಮತ್ತು ನೀರು ತೂಕದಲ್ಲಿ ಸಮ, 100 ಗ್ರಾಂಗೆ 100 ಗ್ರಾಂ. ಹಿಂಡಿದರೆ ಹನಿ ಬೀಳಬಾರದು. ಇಟ್ಟಾಗ ಮೇಲಿದ್ದ ಭಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಆ ಭಾಗವನ್ನೇ ಮೇಲೆ ಇಡಬೇಕು. ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನು ಬಿಡಿಸಬಾರದು. 31.5 ಡಿಗ್ರಿಯಲ್ಲಿ 55ರಿಂದ 60 ದಿನ. 34ರ ಹತ್ತಿರ ಹೋದರೆ ಬೆನ್ನು ಸೊಟ್ಟಗಾದ ಮರಿಗಳು ಬರುತ್ತವೆ, ಇಲ್ಲವೇ ಮೊಟ್ಟೆಯಲ್ಲೇ ಸಾಯುತ್ತವೆ. ಏಪ್ರಿಲ್–ಮೇನಲ್ಲಿ ಇಟ್ಟದ್ದು ಒಡೆಯುವುದು ಜೂನ್–ಜುಲೈನಲ್ಲಿ, ಅಂದರೆ ಗಾಳಿ ಮಳೆಗೆ ಮರ ಲೈನಿನ ಮೇಲೆ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಹೊತ್ತಿಗೆ. ದಪ್ಪ ಥರ್ಮೋಕೋಲ್ ಪೆಟ್ಟಿಗೆಯ ತಳದಲ್ಲಿ ನೀರು ತುಂಬಿದ ಬಾಟಲಿಗಳನ್ನು ಜೋಡಿಸಿದರೆ ಬಿಸಿ ಬೇಗ ಇಳಿಯುವುದಿಲ್ಲ. ಕೆಲವು ಗಂಟೆ 27–28ಕ್ಕೆ ಇಳಿದರೆ ಮೊಟ್ಟೆ ತಡೆದುಕೊಳ್ಳುತ್ತದೆ, ಒಡೆಯುವುದು ಸ್ವಲ್ಪ ತಡವಾಗುತ್ತದೆ ಅಷ್ಟೆ. ತಡೆಯದಿರುವುದು ಹೆಚ್ಚು ಬಿಸಿಯನ್ನು. ಕರೆಂಟ್ ಮರಳಿ ಬರುವಾಗ ವೋಲ್ಟೇಜ್ ಏರಿ ಥರ್ಮೋಸ್ಟಾಟ್‌ನ ರಿಲೇ ಅಂಟಿಕೊಂಡರೆ ಹೀಟರ್ ಆರುವುದೇ ಇಲ್ಲ. ಅದಕ್ಕೆ ಸ್ಟೆಬಿಲೈಸರ್ ಜೊತೆ, 32.5ಕ್ಕೆ ಇಟ್ಟ ಎರಡನೇ ಥರ್ಮೋಸ್ಟಾಟನ್ನು ಮೊದಲನೆಯದರ ಜೊತೆ ಸರಣಿಯಲ್ಲಿ (ಸೀರೀಸ್) ಸೇರಿಸುತ್ತೇನೆ.

ಹುಟ್ಟಿದ ದಿನ ಬಿಳುಪಿನ ಬಗ್ಗೆ ತೀರ್ಪು ಕೊಡುವುದಿಲ್ಲ. ಮೊದಲ ಪೊರೆ ಒಂದೆರಡು ವಾರದಲ್ಲಿ ಬೀಳುತ್ತದೆ; ಅದಾದ ಮೇಲೆ ಕಿಟಕಿಯ ಬೆಳಕಿನಲ್ಲಿ ಬಿಳಿ ಕಾಗದದ ಮೇಲಿಟ್ಟು ತಲೆಯ ನೆತ್ತಿ, ಕತ್ತಿನ ಹಿಂಭಾಗ, ಬೆನ್ನಿನ ನಡುಗೆರೆ ನೋಡುತ್ತೇನೆ. ಎಲ್‌ಇಡಿ ಬಲ್ಬಿನ ಕೆಳಗೆ ತಿಳಿಹಳದಿ ಸರಿಯಾಗಿ ಕಾಣದಿರಬಹುದು. ಬಿಳಿ ಮರಿಗಳನ್ನು ತೆಂಗಿನ ನಾರಿನ ಪುಡಿಯ ಮೇಲೆ ಇಡಬಾರದು, ಒದ್ದೆ ನಾರಿನ ಬಣ್ಣ ಹೊಟ್ಟೆಯ ಚಿಪ್ಪಿಗೆ ಹತ್ತಿ ಕೊಳೆ ಯಾವುದು, ಜೀನಿನ ಛಾಯೆ ಯಾವುದು ಎಂದು ತಿಳಿಯದಂತಾಗುತ್ತದೆ. ಹಳೆ ಪೇಪರ್ ಸಾಕು. ಕೊಳೆಯಾದರೆ ಮುಂದಿನ ಪೊರೆಯೊಂದಿಗೆ ಹೋಗುತ್ತದೆ, ಛಾಯೆ ಹೋಗುವುದಿಲ್ಲ.

ಮುಂದಿನ ಪೀಳಿಗೆಗೆ ಇಟ್ಟುಕೊಳ್ಳುವುದು ಹೆಣ್ಣು ಬಿಳಿಯನ್ನು, ಲೆಸ್ಸರ್–ಮೊಹಾವಿ ಜೋಡಿಯ ಸೂಲಿನದ್ದನ್ನೇ. ಆ ಸೂಲಿನ ಬಿಳಿ ಎಂದರೆ ಎರಡೂ ಜೀನು ಖಚಿತ. ಬಿಳಿ ತಾಯಿಗೆ ಲೆಸ್ಸರ್ ಗಂಡು ಕೂಡಿಸಿ ಬಂದ ಬಿಳಿ ಮರಿ ಎರಡು ಲೆಸ್ಸರ್ ಹೊತ್ತಿದೆಯೋ, ಲೆಸ್ಸರ್–ಮೊಹಾವಿಯೋ ಕಣ್ಣಿಗೆ ತಿಳಿಯುವುದಿಲ್ಲ. ಅದನ್ನು ಇಂಥ ಬಣ್ಣದ ಜೀನುಗಳಿಲ್ಲದ ಸಾಮಾನ್ಯ ಹಾವಿನೊಂದಿಗೆ ಕೂಡಿಸಿ ನೋಡಬೇಕು: ಒಂದಾದರೂ ಮೊಹಾವಿ ಹುಟ್ಟಿದರೆ ಲೆಸ್ಸರ್–ಮೊಹಾವಿ, ಎರಡು ಸೂಲು ಬರೀ ಲೆಸ್ಸರ್ ಕೊಟ್ಟರೆ ಬಹುಮಟ್ಟಿಗೆ ಎರಡು ಲೆಸ್ಸರ್. ಕೊಳ್ಳುವವರಿಗೆ ಕೊಡುವ ಚೀಟಿಯಲ್ಲಿ ಅಲ್ಲಿಯವರೆಗೆ ‘ಬೆಲ್, ಜೀನು ಖಚಿತವಿಲ್ಲ’ ಎಂದೇ ಬರೆಯುತ್ತೇನೆ.