ಬೆಲ್ಲದ ಪುಡಿ ಪ್ಯಾಕೆಟ್ ಮಾಡಿ ಮಾರುವುದು ಹೇಗೆ?

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಆಲೆಮನೆಗಳಿಗೆ ಬರವಿಲ್ಲ. ಅಚ್ಚು, ಬಕೆಟ್, ಕುರಿಕಾಲು ಎಂಬ ಆಕಾರಗಳಲ್ಲಿ ಮಂಡ್ಯದ ಎಪಿಎಂಸಿಯಲ್ಲಿ ಹರಾಜಾಗುವ ಬೆಲ್ಲವನ್ನು ಪುಡಿ ಮಾಡಿ, ಅರ್ಧ ಕೆಜಿ ಪ್ಯಾಕೆಟ್‌ನಲ್ಲಿ ಮಾರಲು ಸ್ವಸಹಾಯ ಸಂಘದ ನಾಲ್ಕೈದು ಹೆಂಗಸರು, ಗಾಳಿಯಾಡುವ ಒಂದು ಕೋಣೆ, ಸ್ವಲ್ಪ ಬಂಡವಾಳ ಇದ್ದರೆ ಆಯಿತು. ಗಿರಾಕಿಗಳೂ ಸಿಗುತ್ತಾರೆ. ಆದರೂ ದುಡ್ಡು ಎರಡು ಕಡೆ ಸೋರುತ್ತದೆ: ಒಂದು, ಬೆಲ್ಲ ಹೀರಿಕೊಳ್ಳುವ ತೇವ. ಇನ್ನೊಂದು, ಅಂಗಡಿಗಳಲ್ಲಿ ನಿಂತ ಬಾಕಿ. ಇವೆರಡನ್ನು ಕಟ್ಟಿಹಾಕುವುದನ್ನು ಮೊದಲ ದಿನದಿಂದಲೇ ಕಲಿಯಬೇಕು.

ಆಲೆಮನೆ ನೋಡಿ ಬೆಲ್ಲ ಕೊಳ್ಳಿ

ಮಾರುಕಟ್ಟೆಯಲ್ಲಿ ಬಣ್ಣ ನೋಡಿ ಕೊಳ್ಳಬೇಡಿ, ಆಲೆಮನೆಗೆ ಹೋಗಿ ನಿಂತು ನೋಡಿ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಗಾಣಕ್ಕೆ ಕೊಡುತ್ತಾರೆಯೇ ಎಂದು ಕೇಳಿ. ಕಡಿದು ಬಿದ್ದಿದ್ದ ಕಬ್ಬಿನಲ್ಲಿ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ; ಅಂಥ ಬೆಲ್ಲ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಚೌಳು ಭೂಮಿಯ ಕಬ್ಬಿನದೂ, ಯೂರಿಯಾ ಹೆಚ್ಚು ಸುರಿದ ಕಬ್ಬಿನದೂ ಇದೇ ಪಾಡು. ಅಚ್ಚು ಸರಿಯಾಗಿ ಕಟ್ಟುವುದಿಲ್ಲ, ಕಟ್ಟಿದರೂ ವಾರದಲ್ಲಿ ಬೆವರುತ್ತದೆ.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದು ಹಳೆಯ ಒಳ್ಳೆಯ ಪದ್ಧತಿ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುವ ಕಡೆ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ, ಇಟ್ಟ ಮೇಲೆ ಕಪ್ಪಗಾಗುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ 70 ಭಾಗ ಮೀರುವಂತಿಲ್ಲ. ಗಿರಾಕಿಗೆ ಕಂದು ಬಣ್ಣದ ಬೆಲ್ಲವೇ ಸಾಚಾ ಬೆಲ್ಲ ಎಂದು ವಿವರಿಸಿ ಹೇಳುವ ತಾಳ್ಮೆ ಈ ವ್ಯಾಪಾರಕ್ಕೆ ಬೇಕೇ ಬೇಕು.

ಸಾಧ್ಯವಾದರೆ ಪುಡಿಯನ್ನು ಆಲೆಮನೆಯಲ್ಲೇ ಮಾಡಿಸಿ. ಅಚ್ಚಿಗೆ ಪಾಕ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಒಲೆಯಿಂದ ಇಳಿಸಿದರೆ, ಪುಡಿಗೆ 120 ಡಿಗ್ರಿ ದಾಟಬೇಕು. ಆಮೇಲೆ ತಣಿಯುತ್ತಿರುವ ಪಾಕವನ್ನು ಮರದ ಹಲಗೆಯಿಂದ ಉಜ್ಜುತ್ತಾ ಹೋದರೆ ತಾನೇ ಹರಳಾಗಿ ಉದುರುತ್ತದೆ. ಅಚ್ಚು ತಂದು ಮನೆಯಲ್ಲಿ ಪುಡಿ ಮಾಡುವವರು ಮಿಕ್ಸಿಗೆ ಹಾಕಬಾರದು. ಬ್ಲೇಡಿನ ಬಿಸಿಗೆ ಬೆಲ್ಲ ಮೆತ್ತಗಾಗಿ ಜಾರಿಗೆ ಅಂಟುತ್ತದೆ. ಕುಟ್ಟಿ ಅಥವಾ ತುರಿದು ಒಣಗಿಸಬೇಕು.

ಒಣಗಿಸುವುದೇ ಅರ್ಧ ವ್ಯಾಪಾರ

ಪುಡಿಯಲ್ಲಿ ತೇವ ಶೇ 2ರೊಳಗೆ ಬಂದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಚ್ಚಿನಲ್ಲಿ ಶೇ 5–7ರಷ್ಟು ಇರುವುದುಂಟು. ಸ್ಟೀಲ್ ತಟ್ಟೆಗಳಲ್ಲಿ ಅರ್ಧ ಬೆರಳು ದಪ್ಪ ಹರಡಿ, ಮೇಲೆ ತೆಳು ಬಿಳಿ ಬಟ್ಟೆ ಕಟ್ಟಿ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಬಿಸಿಲಿಗಿಡಿ. ಬಟ್ಟೆ ಇಲ್ಲದಿದ್ದರೆ ಜೇನ್ನೊಣ, ಕಣಜ ಮುತ್ತುತ್ತವೆ. ಮೇಜಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ. ಗಂಟೆಗೊಮ್ಮೆ ಕೈಯಾಡಿಸಿ. ಬಿಸಿಲು ತಗ್ಗಿದ ಮೇಲೂ ಹೊರಗೆ ಬಿಟ್ಟರೆ ಸಂಜೆಯ ಗಾಳಿಯಲ್ಲಿ ತೇವ ವಾಪಸ್ ಸೇರುತ್ತದೆ, ದಿನದ ಕೆಲಸವೆಲ್ಲ ನೀರುಪಾಲು.

ಒಣಗಿತೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಒಂದು ತಟ್ಟೆಯಲ್ಲಿ 200 ಗ್ರಾಂ ಪುಡಿಯನ್ನು ಬೇರೆಯಾಗಿಟ್ಟು ಎರಡು ಗಂಟೆಗೊಮ್ಮೆ ತೂಗಿ ಬರೆದುಕೊಳ್ಳಿ. ಎರಡು ತೂಕಗಳ ನಡುವೆ ಒಂದು ಗ್ರಾಂ ಕೂಡ ಇಳಿಯದಿದ್ದರೆ ಸಾಕು. ಇನ್ನೊಂದು ಪರೀಕ್ಷೆ ಮುಷ್ಟಿಯದು: ಒಂದು ಹಿಡಿ ಪುಡಿಯನ್ನು ಬಿಗಿಯಾಗಿ ಅಮುಕಿ ಕೈ ಬಿಡಿಸಿದಾಗ ಮರಳಿನಂತೆ ಉದುರಬೇಕು. ಉಂಡೆಯಾಗಿ ನಿಂತರೆ ಅದನ್ನು ಪ್ಯಾಕ್ ಮಾಡಲೇಬೇಡಿ. ಆಷಾಢ, ಶ್ರಾವಣದ ಮಳೆಯಲ್ಲಿ ಬಿಸಿಲನ್ನು ನಂಬಿ ಕೂರಬೇಡಿ. ಟ್ರೇ ಡ್ರೈಯರ್ (ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ) ಇರುವವರ ಬಳಿ ಬಾಡಿಗೆಗೆ ಒಣಗಿಸಿಕೊಳ್ಳಿ, ಇಲ್ಲವೇ ಬೇಸಿಗೆಯಲ್ಲೇ ಒಣಗಿಸಿ ಗಾಳಿಯಾಡದ ಡಬ್ಬಗಳಲ್ಲಿ ದಾಸ್ತಾನು ಮಾಡಿ.

ಜರಡಿ ಹಿಡಿದು ಗಂಟು ಬೇರ್ಪಡಿಸಿ. ಪುಡಿ ಪೂರ್ತಿ ತಣಿದ ಮೇಲೆ, ಅದೇ ದಿನ ತುಂಬಿ. ಬೆಚ್ಚಗಿರುವಾಗಲೇ ತುಂಬಿದರೆ ಆವಿ ಒಳಗೇ ಹನಿಯಾಗಿ ಮೂಲೆಯಲ್ಲಿ ಗಂಟು ಕಟ್ಟುತ್ತದೆ. ತೆಳು ಪ್ಲಾಸ್ಟಿಕ್ ಕವರಿನೊಳಗೂ ತೇವ ನುಸುಳುತ್ತದೆ. ಲ್ಯಾಮಿನೇಟ್ ಮಾಡಿದ ದಪ್ಪ ಪೌಚನ್ನೇ ಬಳಸಿ. ಆಲಿಕೆಯಿಂದ ತುಂಬಿ, ಬಾಯಿಯ ಅಂಚನ್ನು ಒಣ ಬಟ್ಟೆಯಿಂದ ಒರೆಸಿ ಸೀಲ್ ಮಾಡಿ. ಸೀಲಿನ ಗೆರೆಯಲ್ಲಿ ಒಂದು ಹರಳು ಸಿಕ್ಕಿಕೊಂಡರೂ ಅಲ್ಲಿ ಕೂದಲೆಳೆಯಷ್ಟು ದಾರಿ ಉಳಿಯುತ್ತದೆ. ಪ್ರತಿ ಕಂತಿನ ಒಂದು ಪ್ಯಾಕೆಟ್ಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿ ನೋಡಿ. ಗುಳ್ಳೆ ಎದ್ದರೆ ಸೀಲರಿನ ಬಿಸಿ ಸರಿಪಡಿಸಿ, ಆ ಕಂತನ್ನೆಲ್ಲ ಮತ್ತೆ ಸೀಲ್ ಮಾಡಿ.

ಬೆಲೆ ಕಟ್ಟುವ ಲೆಕ್ಕ

ಉದಾಹರಣೆಗೆ ಬೆಲ್ಲ ಕೆಜಿಗೆ 50 ರೂಪಾಯಿ ಎಂದಿಟ್ಟುಕೊಳ್ಳಿ. 100 ಕೆಜಿಗೆ 5,000. ಸಾಗಣೆ 250, ಇಬ್ಬರಿಗೆ ಎರಡು ದಿನದ ಕೂಲಿ 2,000, ಕರೆಂಟು ಬಾಡಿಗೆ 300. ಒಣಗುವಾಗ 5 ಕೆಜಿ ನೀರು ಹೋಗುತ್ತದೆ, ಜರಡಿಯಲ್ಲಿ, ತಟ್ಟೆಯಲ್ಲಿ ಇನ್ನು 2 ಕೆಜಿ. ಉಳಿದ 93 ಕೆಜಿಗೆ ಅರ್ಧ ಕೆಜಿಯ 186 ಪ್ಯಾಕೆಟ್. ಪೌಚು, ಲೇಬಲ್ ತಲಾ 5 ರೂಪಾಯಿಯಂತೆ 930. ಒಟ್ಟು ಖರ್ಚು 8,480, ಅಂದರೆ ಪ್ಯಾಕೆಟ್ಟಿಗೆ 45 ರೂಪಾಯಿ 59 ಪೈಸೆ.

ಎಂಆರ್‌ಪಿ 60 ಹಾಕಿ ಅಂಗಡಿಯವರಿಗೆ ಶೇ 20 ಬಿಟ್ಟರೆ ಕೈಗೆ ಬರುವುದು 48. ನೂರು ಕೆಜಿಗೆ ಉಳಿಯುವುದು ಬರೀ 448 ರೂಪಾಯಿ. ಹತ್ತು ಪ್ಯಾಕೆಟ್ ಗಟ್ಟಿಯಾಗಿ ವಾಪಸ್ ಬಂದರೆ 480 ಹೋಯಿತು: ಲಾಭವೂ ಹೋಗಿ 32 ರೂಪಾಯಿ ಕೈಯಿಂದ ಕೊಟ್ಟಂತೆ. ತೂಕದ ನಷ್ಟ ಮರೆತು 200 ಪ್ಯಾಕೆಟ್ ಎಂದು ಲೆಕ್ಕ ಹಾಕಿದವರೇ ಇಂಥ ಬೆಲೆ ಇಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. ಎಂಆರ್‌ಪಿ 75 ಇಟ್ಟರೆ ಕೈಗೆ 60 ಬರುತ್ತದೆ, ಪ್ಯಾಕೆಟ್ಟಿಗೆ 14 ರೂಪಾಯಿ ಉಳಿಯುತ್ತದೆ. ಸ್ವಂತ ದುಡಿಮೆಗೆ ಕೂಲಿ ಹಾಕಿಕೊಳ್ಳದೆ ಬೆಲೆ ಇಳಿಸುವುದು ದೊಡ್ಡ ತಪ್ಪು. ನಾಳೆ ಒಬ್ಬರು ಬರದಿದ್ದರೆ ಕೂಲಿಯಾಳು ಇಡಲು ದುಡ್ಡೇ ಇರುವುದಿಲ್ಲ.

ಕಾಗದಪತ್ರ

ಸಣ್ಣ ಘಟಕಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮೂಲ ನೋಂದಣಿ ಸಾಕು. ಅದರ ಫೋಸ್ಕೋಸ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಹಾಕಿಸಬೇಕು.

ಲೇಬಲ್ ಮೇಲೆ ಹೆಸರು, ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಪ್ರತಿ ಗ್ರಾಂ ಬೆಲೆ (75 ರೂಪಾಯಿಯ ಅರ್ಧ ಕೆಜಿಗೆ 15 ಪೈಸೆ), ತಯಾರಿಸಿದ ತಿಂಗಳು, ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ, ದೂರಿಗೆ ಫೋನ್ ನಂಬರು, ಸಸ್ಯಾಹಾರದ ಹಸಿರು ಗುರುತು ಇರಬೇಕು. ‘ಸಾವಯವ’ ಎಂದು ಮುದ್ರಿಸುವ ಮುನ್ನ ಅದರ ಪ್ರಮಾಣಪತ್ರ ಕೈಯಲ್ಲಿರಬೇಕು.

ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ, ಬಿಡಿ ಬೆಲ್ಲಕ್ಕಿಲ್ಲ. ಕರ್ನಾಟಕದೊಳಗೆ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ಮೀರುವವರೆಗೆ ನೋಂದಣಿ ಬೇಡ. ಆದರೆ ಹೊಸೂರಿಗೋ ವಯನಾಡಿಗೋ ಮಾರಾಟಕ್ಕೆ ಕಳಿಸಿದರೆ ಮೊದಲ ಪ್ಯಾಕೆಟ್ಟಿನಿಂದಲೇ ನೋಂದಣಿ ಕಡ್ಡಾಯ.

ಸಣ್ಣ ಆಹಾರ ಘಟಕಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಬೆಲ್ಲವೇ. ಡ್ರೈಯರ್, ಪುಡಿ ಯಂತ್ರಕ್ಕೆ ಬ್ಯಾಂಕ್ ಸಾಲದ ಜೊತೆ ಬರುವ ಸಹಾಯಧನ ಇದು. ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಒಂದು ಮಾತು ನೆನಪಿರಲಿ: ಸಹಾಯಧನ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ಇದ್ದು ಮೂರು ವರ್ಷ ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಅದನ್ನು ನಂಬಿ ಕಚ್ಚಾಮಾಲನ್ನು ಸಾಲಕ್ಕೆ ತರಬೇಡಿ.

ಅಂಗಡಿಗೆ ಇಡುವುದು, ಬಾಕಿ ವಸೂಲು

ಮೊದಲ ತಿಂಗಳು ಐದಾರು ಅಂಗಡಿ ಸಾಕು, ಒಂದೊಂದಕ್ಕೆ 20 ಪ್ಯಾಕೆಟ್. ಎರಡು ಪ್ರತಿಯ ಬಿಲ್ ಬುಕ್ಕಿನಲ್ಲಿ ಸಂಖ್ಯೆ, ತಾರೀಖು ಬರೆದು ಸಹಿ ಹಾಕಿಸಿ. ಪ್ಯಾಕೆಟ್ ಬಿಸಿಲು ಬೀಳದ ಕಡೆ, ಫ್ರಿಜ್ಜಿನ ಬೆವರು ತಾಗದಂತೆ ಇಡಲು ಅಂಗಡಿಯಣ್ಣನಿಗೆ ಬಾಯಿಬಿಟ್ಟು ಹೇಳಿ. 15 ದಿನಕ್ಕೊಮ್ಮೆ ಹೋಗಿ ಎಣಿಸಿ, ಮಾರಿದ್ದಕ್ಕೆ ದುಡ್ಡು ತನ್ನಿ. ಮೊದಲ ಸರಕಿನ ಹಣ ಬರುವ ಮುನ್ನ ಮೂರನೇ ಸರಕು ಕೊಡಬೇಡಿ. ಎಷ್ಟೇ ಪರಿಚಯವಿದ್ದರೂ ಈ ಕಟ್ಟಳೆ ಮುರಿಯಬಾರದು.

ದೊಡ್ಡ ಮಳಿಗೆ, ಹೋಟೆಲಿಗೆ ಕೊಡುವಾಗ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಅವರು ಹಣ ಕೊಡಬೇಕು.

ನೆರೆಹೊರೆಯವರು ಸಹಾಯ ಮಾಡಬೇಕೆಂದಿದ್ದರೆ ಚೌಕಾಸಿ ಮಾಡದೆ ನಗದು ಕೊಟ್ಟು ಕೊಳ್ಳುವುದೇ ದೊಡ್ಡ ಸಹಾಯ. ಜನವರಿಯ ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುವ ಮನೆಗಳು ಡಿಸೆಂಬರ್ ಮೊದಲ ವಾರವೇ ಅರ್ಧ ಮುಂಗಡ ಕೊಟ್ಟು ಬುಕ್ ಮಾಡಿದರೆ ಆ ದುಡ್ಡಿನಲ್ಲೇ ಬೆಲ್ಲ ಕೊಳ್ಳಬಹುದು, ಬಡ್ಡಿ ಸಾಲದ ಗೋಜಿಲ್ಲ. ಎಳ್ಳು ಬೆಲ್ಲಕ್ಕೆ ಪುಡಿ ಬೇಡ, ಕತ್ತರಿಸಿದ ಅಚ್ಚಿನ ಚೂರು ಬೇಕು. ಆ ಆರ್ಡರ್ ಬೇರೆಯಾಗಿ ಬರೆದುಕೊಳ್ಳಿ.

ಇಷ್ಟು ಮಾಡಿದರೂ ಜುಲೈ ಆಗಸ್ಟಿನಲ್ಲಿ ಕೆಲವು ಪ್ಯಾಕೆಟ್ ಕಲ್ಲಾಗಿ ವಾಪಸ್ ಬರುತ್ತವೆ. ಅವನ್ನು ಕುಟ್ಟಿ ಹೊಸ ಪೌಚಿಗೆ ತುಂಬಬೇಡಿ. ಒಳಗಿನ ತೇವ ಹಾಗೇ ಇದ್ದು ಹದಿನೈದು ದಿನಕ್ಕೆ ಮತ್ತೆ ಗಟ್ಟಿಯಾಗುತ್ತದೆ. ಹುಳಿ ವಾಸನೆ, ಬೂಸ್ಟು ಇದ್ದರೆ ಎಸೆಯಿರಿ. ಚೆನ್ನಾಗಿದ್ದರೆ ವಿಷಯ ಹೇಳಿಯೇ, ಕಡಿಮೆ ದರಕ್ಕೆ, ಪಾಕ ತೆಗೆದು ಬಳಸುವ ಹೋಳಿಗೆ ಅಂಗಡಿಗೋ ಮೆಸ್ಸಿಗೋ ಅದೇ ವಾರ ಕೊಟ್ಟುಬಿಡಿ. ಯಾವ ಬ್ಯಾಚು, ಯಾವ ಅಂಗಡಿಯಿಂದ ಬಂತು ಎಂದು ಪುಸ್ತಕದಲ್ಲಿ ಗುರುತು ಹಾಕಿ. ಒಂದೇ ಬ್ಯಾಚಿನವು ಹಲವು ಅಂಗಡಿಗಳಿಂದ ಬಂದರೆ ತಪ್ಪು ನಿಮ್ಮ ಒಣಗಿಸುವಿಕೆಯದು, ಹಲವು ಬ್ಯಾಚಿನವು ಒಂದೇ ಅಂಗಡಿಯಿಂದ ಬಂದರೆ ಅಲ್ಲಿ ಇಟ್ಟ ಜಾಗದ್ದು.