ಎದೆ ಢವಢವ ಅನ್ನುವುದಕ್ಕೆ ಚೀನಾ ಕಷಾಯ: ಕುಡಿಯುವ ಮುಂಚೆ ಇಷ್ಟು ಮಾಡಿ

ಆನ್‌ಲೈನಲ್ಲಿ ಚೀನಾ ಮದ್ದು ತರಿಸುವ ಮುಂಚೆ ನಾಡಿ ನೋಡಿಕೊಳ್ಳಿ. ಸ್ವಲ್ಪ ಹೊತ್ತು ಸುಮ್ನೆ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಪೂರಾ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುವೆ ತಪ್ಪುವ ಬಡಿತ ಕೈಗೆ ಸಿಗದೇ ಹೋಗಬಹುದು. 60ರಿಂದ 100 ಸಾಮಾನ್ಯ. ಲೆಕ್ಕ ಎಷ್ಟೇ ಬರಲಿ, ತಾಳ ತಪ್ಪುತ್ತಿದ್ದರೆ ಇಸಿಜಿ ಮಾಡಿಸಲೇಬೇಕು. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ದಿನವಿಡೀ ಎಲೆಅಡಿಕೆ, ಮೇಲಿಂದ ಮೇಲೆ ಕಾಫಿ, ನಾವು ಮಲೆನಾಡಿನವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಎದೆ ನೋವು, ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಆಗುಂಬೆ, ಹೊಸನಗರದ ಒಳಗಿನ ಊರುಗಳಿಂದ ಶಿವಮೊಗ್ಗ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ, ಕಷಾಯ ಕುದಿಸುತ್ತಾ ಕೂರಬೇಡಿ.

ಚೀನಾ ವೈದ್ಯದಲ್ಲಿ ಎದೆಬಡಿತಕ್ಕೆ ಅಂತ ಒಂದೇ ಮದ್ದಿಲ್ಲ. ಚಿಂತೆ, ಸುಸ್ತು, ಊಟ ಸೇರದಿರುವುದು ಜೊತೆಗಿದ್ದರೆ ಗುಯ್ ಪಿ ಟಾಂಗ್ ಕೊಡುತ್ತಾರೆ. ನಿದ್ದೆ ಇಲ್ಲದೆ ಬಾಯಿ ಒಣಗುವವರಿಗೆ ಟಿಯಾನ್ ವಾಂಗ್ ಬು ಶಿನ್ ಡಾನ್. ನಾಡಿ ನಡುನಡುವೆ ನಿಂತು ಹೊಡೆಯುತ್ತಿದ್ದರೆ ಝಿ ಗಾನ್ ಚಾವ್ ಟಾಂಗ್. ಸುಮಾರು 1800 ವರ್ಷದ ಹಿಂದೆ ಝಾಂಗ್ ಝೊಂಗ್‌ಜಿಂಗ್ ಎಂಬ ಚೀನಾ ವೈದ್ಯ ಬರೆದಿಟ್ಟ ಮದ್ದು ಇದು. ಜೇನಿನಲ್ಲಿ ಹುರಿದ ಜೇಷ್ಠಮಧು, ಶುಂಠಿ, ಚಕ್ಕೆ ಗಿಡದ ಎಳೆ ಕೊಂಬೆ, ಮೂವತ್ತು ಎಲಚಿ ಹಣ್ಣು, ಇನ್ನೂ ಕೆಲವು ಬೇರುಬೀಜಗಳನ್ನು ನೀರು ಮತ್ತು ಮದ್ಯದಲ್ಲಿ ಕುದಿಸಿ, ಸೋಸಿ, ಕೊನೆಗೆ ಕತ್ತೆ ಚರ್ಮದ ಅಂಟನ್ನು ಅದರಲ್ಲಿ ಕರಗಿಸುತ್ತಾರೆ. ಸಸ್ಯಾಹಾರಿಗಳು ಇದನ್ನು ಮೊದಲೇ ತಿಳಿದುಕೊಳ್ಳಿ.

ನನಗೆ ಜಾಸ್ತಿ ಭಯ ಇರುವುದು ಜೇಷ್ಠಮಧುವಿನ ಮೇಲೆ. ನಮ್ಮ ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ, ಕೆಮ್ಮಿಗೆ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಈ ಕಷಾಯದಲ್ಲಿ ಅದೇ ಮುಖ್ಯ ಮದ್ದು, ಪ್ರಮಾಣ ದೊಡ್ಡದು. ದಿನಾ ಕುಡಿದರೆ ರಕ್ತದ ಪೊಟ್ಯಾಸಿಯಂ ಇಳಿದು ಬಿಪಿ ಏರಬಹುದು, ಎದೆಯ ತಾಳವೇ ತಪ್ಪಬಹುದು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ಅಥವಾ ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ ತಗೊಳ್ಳುವವರು ದಯವಿಟ್ಟು ಇದನ್ನು ಮುಟ್ಟಬೇಡಿ.

ಪೊಟ್ಟಣದ ಚೀಟಿಯಲ್ಲಿ ಡಾನ್ ಶೆನ್ (ಒಂದು ಬೇರು) ಅಂತಿದ್ದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಜೊತೆ ಬೇಡ, ರಕ್ತಸ್ರಾವ ಆಗಬಹುದು. ಫು ಝಿ ಅಂದರೆ ನಮ್ಮ ವತ್ಸನಾಭಿಯ ಜಾತಿಯ ವಿಷದ ಬೇರು, ಮನೆಯಲ್ಲಿ ಕುದಿಸಲೇಬೇಡಿ. ಝು ಶಾ ಅಂದರೆ ಪಾದರಸ ಇರುವ ಇಂಗಲೀಕ, ಅದೂ ವಿಷವೇ. ಹಳೇ ಕಾಲದಲ್ಲಿ ಬು ಶಿನ್ ಡಾನ್ ಗುಳಿಗೆಗೆ ಇದನ್ನೇ ಲೇಪಿಸುತ್ತಿದ್ದರು. ಹೆಸರು ಓದೋಕೆ ಬರದ ಪೊಟ್ಟಣವನ್ನು ಒಡೆಯಲೇಬೇಡಿ, ಈಗ ನುಂಗುತ್ತಿರುವ ಮಾತ್ರೆಗಳ ಜೊತೆ ಹಾಗೇ ಡಾಕ್ಟರ ಮೇಜಿನ ಮೇಲಿಟ್ಟು ತೋರಿಸಿ.