ಬಂದರಿನ ನೀರಿನಲ್ಲಿ ನೇರವಾಗಿ ಈಜಲು ಎರಡು ಗುರುತು

ಮುಂಬಯಿ ಬಂದರಿನಂಥ ಸೆಳೆತವುಳ್ಳ ನೀರಿನಲ್ಲಿ ಈಜುವವರು ದಡದ ಒಂದೇ ಗುರುತನ್ನು ನಂಬುವ ಬದಲು, ಒಂದರ ಹಿಂದೊಂದಿರುವ ಎರಡು ಸ್ಥಿರ ಗುರುತುಗಳನ್ನು, ಉದಾಹರಣೆಗೆ ಗೇಟ್‌ವೇ ಆಫ್ ಇಂಡಿಯಾದ ಕಮಾನನ್ನೂ ಅದರ ಹಿಂದೆ ಕಾಣುವ ತಾಜ್ ಹೋಟೆಲಿನ ಎತ್ತರದ ಕಟ್ಟಡವನ್ನೂ, ಒಂದೇ ಸಾಲಿನಲ್ಲಿ ಇಟ್ಟುಕೊಂಡು ಸಾಗುವುದು ಒಳ್ಳೆಯದು. ಗುರುತು ಒಂದೇ ಆಗಿದ್ದರೆ ಸೆಳೆತವು ನಮ್ಮನ್ನು ಪಕ್ಕಕ್ಕೆ ಒಯ್ದರೂ ಅದು ಕಣ್ಣೆದುರಿಗೇ ಇರುವುದರಿಂದ, ನಮಗೆ ತಿಳಿಯದಂತೆ ಬಿಲ್ಲಿನ ಹಾಗೆ ಬಾಗಿದ ದಾರಿಯಲ್ಲಿ ಸುತ್ತುತ್ತೇವೆ. ಎರಡಿದ್ದರೆ ಅವು ಬೇರ್ಪಟ್ಟು ಕಾಣುತ್ತವೆ. ಆಗ ಹತ್ತಿರದ ಗುರುತು ಯಾವ ಕಡೆಗೆ ಸರಿದಂತೆ ತೋರುವುದೋ ಆ ಕಡೆಗೇ ತಿರುಗಿ, ಎರಡೂ ಮತ್ತೆ ಕೂಡುವವರೆಗೆ ಈಜಬೇಕು (ದಣಿದಾಗ ಎಡಬಲದ ಲೆಕ್ಕ ತಲೆಗೆ ಹತ್ತುವುದಿಲ್ಲ, ಇದೊಂದೇ ನೆನಪಿದ್ದರೆ ಸಾಕು). ಕನ್ನಡಕ ನೀರಿನಿಂದ ಮೇಲೆ ಬರುವಷ್ಟು ಮಾತ್ರ ತಲೆಯೆತ್ತಿ ನೋಡಿದರೆ ಕಾಲು ಮುಳುಗುವುದಿಲ್ಲ. ಎರಡು ಗುರುತುಗಳ ನಡುವಿನ ಅಂತರ ಕಡಿಮೆಯಿದ್ದರೆ ದೂರದಿಂದ ಅವು ಅಂಟಿಕೊಂಡಂತೆ ಕಾಣುವುದರಿಂದ, ಮೇಲೆ ಹೇಳಿದ ಜೋಡಿ ದಡ ಸಮೀಪಿಸಿದ ಮೇಲಷ್ಟೇ ಉಪಯೋಗಕ್ಕೆ ಬರುತ್ತದೆ. ಲಂಗರು ಹಾಕಿದ ದೋಣಿಯನ್ನಂತೂ ಗುರುತಾಗಿ ಹಿಡಿಯಲೇಬಾರದು, ಏಕೆಂದರೆ ಉಬ್ಬರವಿಳಿತದೊಂದಿಗೆ ಅದೂ ತಿರುಗುತ್ತದೆ. ಚಳಿಗಾಲದ ಮುಂಜಾವಿನ ಮಸುಕಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಆಗ ಜೊತೆಗಿರುವ ದೋಣಿಯವರು ತೋರಿಸಿದ ದಿಕ್ಕೇ ಗತಿ.